ಬಗ್ಗದ ಕಾಲಿಗೆ ದುಡುಕು ಬೇಡ

ಭಾನುವಾರ ಬೆಳಗ್ಗೆ ಏಳರ ಹೊತ್ತಿಗೆ ಲಾಲ್‌ಬಾಗಿನಲ್ಲಿ ಓಟ ಮುಗಿಸಿದವರೆಲ್ಲ ಒಂದೇ ಕೆಲಸದಲ್ಲಿರುತ್ತಾರೆ. ಕಲ್ಲುಬೆಂಚಿನ ಮೇಲೆ ಹಿಮ್ಮಡಿ ಇಟ್ಟು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಕಾಲ್ಬೆರಳು ಮುಟ್ಟಲೆಂದು ಜಗ್ಗುತ್ತಾರೆ. ಕಳೆದ ವಾರ ಹಾಗೆ ಜಗ್ಗುತ್ತಿದ್ದ ಒಬ್ಬ ತರುಣನ ಮಂಡಿಯ ಹಿಂಬದಿಯನ್ನೇ ನಾನು ಗಮನಿಸುತ್ತಿದ್ದೆ. ಅಲ್ಲಿ ಎರಡು ಪಕ್ಕಕ್ಕೂ ಇರುವ ಹುರಿಗಳು ಒಂದೊಂದು ಜಗ್ಗಿಗೂ ತಂತಿಯಂತೆ ಎದ್ದು ನಿಲ್ಲುತ್ತಿದ್ದವು. ಎಳೆದಷ್ಟೂ ಬಿಗಿಯುತ್ತಿದ್ದವು. "ಎರಡು ವರ್ಷದಿಂದ ಹಿಂಗೇ ಮಾಡ್ತಿದೀನಿ ಸಾರ್, ಒಂದಿಂಚೂ ಬಿಟ್ಟಿಲ್ಲ" ಎಂದ. ನಾನೂ ಹಲವು ವರ್ಷ ಹೀಗೆಯೇ ಜಗ್ಗಿದವನು. ಅವನಿಗೆ ಅಲ್ಲಿ ನಿಂತು ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕೂತಾಗ ಕುರ್ಚಿಗೆ ಒತ್ತುವ ಎರಡು ಮೂಳೆಗಳಿವೆಯಲ್ಲ, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಹೊರಡುವುದು ಅಲ್ಲಿಂದ. ಒಂದೊಂದು ಕಾಲಿನಲ್ಲಿ ಮೂರು. ಅವು ತೊಡೆಯುದ್ದಕ್ಕೂ ಇಳಿದು, ಮಂಡಿಯನ್ನು ದಾಟಿ, ಕೆಳಗಾಲಿನ ಮೂಳೆಗೆ ಅಂಟಿಕೊಳ್ಳುತ್ತವೆ. ಈ ಸ್ನಾಯುಗಳ ಒಳಗೆ ಎಳೆತವನ್ನು ಅಳೆಯುವ ಸಣ್ಣ ಸಣ್ಣ ಎಳೆಗಳಿವೆ. ಸ್ನಾಯು ಥಟ್ಟನೆ ಉದ್ದವಾದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ "ಬಿಗಿ ಹಿಡಿ" ಎಂಬ ಅಪ್ಪಣೆ ಕೂಡಲೇ ಮರಳಿ ಬರುತ್ತದೆ. ವೈದ್ಯರು ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನೇ ತಾನಾಗಿ ಒದೆಯುವುದಕ್ಕೂ ಇದೇ ಕಾರಣ. ಬೆಂಚಿನ ಮೇಲೆ ಕಾಲಿಟ್ಟು ಕುಲುಕಿ ಜಗ್ಗುವವರು ಆ ಅಪ್ಪಣೆಯನ್ನು ಮತ್ತೆ ಮತ್ತೆ ತಾವೇ ಕೊಡಿಸುತ್ತಾರೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಸದಾ ಬಿಗಿಯಾಗಿರುವ ಸ್ನಾಯು ಗಿಡ್ಡವಾಗಿದೆ ಎಂದು ನಾವೆಲ್ಲ ನಂಬಿದ್ದೇವೆ. ಎಷ್ಟೋ ಸಲ ಅದರ ಉದ್ದಕ್ಕೆ ಕೊರತೆಯಿರುವುದಿಲ್ಲ, ಧೈರ್ಯಕ್ಕೆ ಇರುತ್ತದೆ. ಆ ಉದ್ದದಲ್ಲಿ ಭಾರ ತಡೆದು ಅಭ್ಯಾಸವಿಲ್ಲದ ಕಾಲನ್ನು ನರಮಂಡಲ ಅಲ್ಲಿಗೆ ಹೋಗಲು ಬಿಡುವುದಿಲ್ಲ. ಕೆಲವು ವಾರ ಎಳೆತದ ಅಭ್ಯಾಸ ಮಾಡಿದವರ ಕಾಲು ಹೆಚ್ಚು ಬಗ್ಗುವುದಕ್ಕೆ ಸ್ನಾಯು ಉದ್ದವಾಗುವುದಕ್ಕಿಂತ ಎಳೆತವನ್ನು ತಾಳುವ ಶಕ್ತಿ ಹೆಚ್ಚುವುದೇ ದೊಡ್ಡ ಕಾರಣ ಎಂದು ಸಂಶೋಧಕರು ಹೇಳುತ್ತಾರೆ. ಆದ್ದರಿಂದ ಇಲ್ಲಿ ಬಲವಂತಕ್ಕೆ ಜಾಗವೇ ಇಲ್ಲ.

ಬಲವಂತ ಏನು ಮಾಡುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1918ರಲ್ಲಿ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್, ಕಾಯಿಲೆಗಳಿಂದ ಬಡಕಲಾಗಿದ್ದ ಹುಡುಗನಾಗಿ ಮೈಸೂರಿಗೆ, ಯೋಗ ಕಲಿಸುತ್ತಿದ್ದ ಭಾವ ಕೃಷ್ಣಮಾಚಾರ್ಯರ ಬಳಿಗೆ ಬಂದರು. ಮುಂದಕ್ಕೆ ಬಗ್ಗಿದರೆ ಆಗ ಅವರ ಕೈ ಮಂಡಿ ದಾಟುತ್ತಿರಲಿಲ್ಲ. ಒಮ್ಮೆ ಪ್ರದರ್ಶನದಲ್ಲಿ, ಅಭ್ಯಾಸವೇ ಇಲ್ಲದ ಹನುಮಾನಾಸನ ಹಾಕಲು ಗುರುಗಳಿಂದ ಅಪ್ಪಣೆಯಾಯಿತು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ನೆಲಕ್ಕೆ ಚಾಚಿ ಕೂರುವ ಆಸನ ಅದು. ಹುಡುಗ ಕೂತ, ತೊಡೆಯ ಹಿಂದಿನ ಸ್ನಾಯು ಹರಿಯಿತು. ಅದು ಸುಧಾರಿಸಲು ವರ್ಷಗಳೇ ಹಿಡಿದವು ಎಂದು ಅಯ್ಯಂಗಾರ್ ಮುಂದೆ ಹೇಳಿಕೊಂಡಿದ್ದಾರೆ. ಅದೇ ಮನುಷ್ಯ ಪುಣೆಯಲ್ಲಿ ನೆಲೆಸಿ, ಬಗ್ಗದ ಮೈಯವರಿಗೆಂದು ಬೆಲ್ಟು, ಮರದ ದಿಮ್ಮಿ, ಕುರ್ಚಿಗಳನ್ನು ಆಸನಕ್ಕೆ ಆಸರೆಯಾಗಿ ತಂದರು. ಬಿಗಿದ ಕಾಲಿನವರಿಗೆ ಅವರಿಂದ ಆದ ಉಪಕಾರ ಇನ್ನಾರಿಂದಲೂ ಆಗಿಲ್ಲ ಎಂದೇ ನನ್ನ ಎಣಿಕೆ.

ಬೆಲ್ಟು ಹಿಡಿದು ಮಾಡುವ ಸುಪ್ತ ಪಾದಾಂಗುಷ್ಠಾಸನವನ್ನು ನಾನು ಹಳೆಯ ಪಂಚೆಯಲ್ಲಿ ಮಾಡುತ್ತೇನೆ. ಅಂಗಾತ ಮಲಗಿ, ಮಡಿಸಿದ ಪಂಚೆಯನ್ನು ಬಲ ಅಂಗಾಲಿಗೆ ಸುತ್ತಿ, ಎರಡು ತುದಿಯನ್ನೂ ಕೈಯಲ್ಲಿ ಹಿಡಿದು ಕಾಲನ್ನು ಮೇಲಕ್ಕೆ ಚಾಚುವುದು. ಎಡಗಾಲು ನೆಲದ ಮೇಲೆ. ಅದನ್ನು ನೀಡಲಾಗದವರು ಮಂಡಿ ಮಡಿಸಿ ಪಾದ ಊರಿಕೊಳ್ಳಲಿ. ಎಳೆತ ಶುರುವಾದಲ್ಲೇ ನಿಲ್ಲಿಸಬೇಕು. ಮೊದಲ ಹತ್ತು ಎಣಿಕೆಯಲ್ಲಿ ತೊಡೆ ಸಣ್ಣಗೆ ನಡುಗುತ್ತದೆ, ಪಂಚೆಯ ಅಂಚು ಅಂಗಾಲಿಗೆ ಒತ್ತುತ್ತದೆ, ಉಸಿರು ಮೇಲೆಯೇ ನಿಂತುಬಿಡುತ್ತದೆ. ಉಸಿರನ್ನು ಹೊಟ್ಟೆಗೆ ಇಳಿಸಿಕೊಳ್ಳಿ. ಇಪ್ಪತ್ತು ದಾಟುವ ಹೊತ್ತಿಗೆ ನಡುಕ ನಿಲ್ಲುತ್ತದೆ, ಹಿಡಿದ ಕೈಗೆ ಕಾಲು ಹಗುರಾದದ್ದು ತಿಳಿಯುತ್ತದೆ. ಆಗ ಹಿಮ್ಮಡಿಯಿಂದ ಪಂಚೆಯನ್ನು ಐದಾರು ಸೆಕೆಂಡು ಮೆಲ್ಲಗೆ ಒತ್ತಿ ಬಿಟ್ಟರೆ ಕಾಲು ತಾನಾಗಿ ಇನ್ನೊಂದು ಬೆರಳು ಹತ್ತಿರ ಬರುತ್ತದೆ. ಮೂವತ್ತು ಸೆಕೆಂಡಿನಂತೆ ಒಂದೊಂದು ಕಾಲಿಗೆ ಮೂರು ಸಲ ಸಾಕು. ಎಳೆತ ತೊಡೆಯ ನಡುವಿನಲ್ಲಿ ಗೊತ್ತಾಗಬೇಕು. ಕೂರುವ ಮೂಳೆಯ ಬಳಿಯೋ ಮಂಡಿಯ ಹಿಂದೆಯೋ ಚುಚ್ಚಿದರೆ ಮಂಡಿಯನ್ನು ತುಸು ಮಡಿಸಿ.

ಇಷ್ಟನ್ನೇ ಮಾಡಿ ನಿಲ್ಲಿಸಿದ್ದರಿಂದಲೇ ನನ್ನ ಕಾಲು ವರ್ಷಗಟ್ಟಲೆ ಅಲ್ಲೇ ಇತ್ತು. ಸಡಿಲಾದದ್ದು ಮರುದಿನಕ್ಕೆ ಮತ್ತೆ ಬಿಗಿಯುತ್ತಿತ್ತು. ಉಳಿಯುವಂಥ ಬದಲಾವಣೆ ಬಂದದ್ದು ಸ್ನಾಯುವಿಗೆ ಕೆಲಸ ಕೊಟ್ಟ ಮೇಲೆ. ಅಂಗಾತ ಮಲಗಿ ಮಂಡಿ ಮಡಿಸಿ, ಸೇತುಬಂಧಾಸನದಲ್ಲಿ ಸೊಂಟ ಎತ್ತಿ, ಹಿಮ್ಮಡಿಯ ಮೇಲೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಪಾದಗಳನ್ನು ದೂರ ನಡೆಸಿ, ಮತ್ತೆ ನಡೆಸಿಕೊಂಡು ಬರುವುದು. ಅರ್ಧ ತುಂಬಿದ ಬಕೆಟ್ ಹಿಡಿದು, ಬೆನ್ನು ನೇರವಾಗಿಟ್ಟು, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ತೊಡೆಸಂದಿಯಲ್ಲಿ ಬಗ್ಗಿ ಏಳುವುದು. ಮಂಡ್ಯದ ಗದ್ದೆಗಳಲ್ಲಿ ನಾಟಿ ಹಾಕುವ ಹೆಂಗಸರನ್ನು ನೋಡಿ. ಅವರ ಬಾಗು ಹೆಚ್ಚಾಗಿ ತೊಡೆಸಂದಿಯದು. ಬೆಂಚಿನ ತರುಣನ ಬಾಗು ಪೂರ್ತಿ ಬೆನ್ನಿನದು, ಅದರಿಂದ ಹ್ಯಾಮ್‌ಸ್ಟ್ರಿಂಗಿಗೆ ಸಿಗುವುದು ಅಷ್ಟಕ್ಕಷ್ಟೇ. ಪೂರ್ತಿ ಉದ್ದದವರೆಗೆ ಭಾರ ತಡೆಯುವ ವ್ಯಾಯಾಮ ಎಳೆತದಷ್ಟೇ ಮೈ ಬಗ್ಗಿಸುತ್ತದೆ ಎಂದು ಈಗ ಅಧ್ಯಯನಗಳೂ ಹೇಳುತ್ತವೆ. ಗರಡಿಯ ಬಸ್ಕಿಯನ್ನು ನಂಬಿದವರಿಗೆ ಇದರಲ್ಲಿ ಹೊಸತೇನೂ ಕಾಣದು.

ಮೀನಖಂಡದ ವಿಚಾರದಲ್ಲಿ ಒಂದು ತಪ್ಪು ಎಲ್ಲರಿಂದಲೂ ಆಗುತ್ತದೆ. ಅಲ್ಲಿ ಮುಖ್ಯವಾಗಿರುವುದು ಎರಡು ಸ್ನಾಯು. ಮೇಲಿನದು ಮಂಡಿಯನ್ನು ದಾಟುತ್ತದೆ, ಒಳಗಿನದು ದಾಟುವುದಿಲ್ಲ. ಗೋಡೆಗೆ ಕೈಕೊಟ್ಟು ಹಿಂಗಾಲು ನೇರ ಮಾಡಿ ನಿಂತರೆ ಮೇಲಿನದಕ್ಕೆ ಎಳೆತ ಸಿಗುತ್ತದೆ. ಒಳಗಿನದನ್ನು ತಲುಪಲು ಅದೇ ಮಂಡಿಯನ್ನು ಮಡಿಸಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಇನ್ನೊಮ್ಮೆ ನಿಲ್ಲಬೇಕು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಇಳಿಸಿ ಏರಿಸುವುದನ್ನೂ ಸೇರಿಸಿಕೊಳ್ಳಿ. ಬಿಸಿನೀರು, ಎಳ್ಳೆಣ್ಣೆಯ ನೀವಿಕೆ, ಲಟ್ಟಣಿಗೆಯಿಂದ ಉರುಳಿಸುವುದು, ಇವೆಲ್ಲ ಹಿತವೇ. ಆ ಹಿತ ಹೆಚ್ಚು ಹೊತ್ತು ನಿಲ್ಲದು, ಅದು ಇರುವಾಗಲೇ ಎಳೆತ ಮುಗಿಸಿಕೊಳ್ಳುವುದು ಜಾಣತನ. ಜೋರಾಗಿ ಓಡುವ ಮುನ್ನ ಮಾತ್ರ ದೀರ್ಘ ಎಳೆತ ಬೇಡ. ಒಂದೇ ಸ್ನಾಯುವನ್ನು ನಿಮಿಷಕ್ಕೂ ಮೀರಿ ಎಳೆದರೆ ಅದರ ಕಸುವು ಸ್ವಲ್ಪ ಹೊತ್ತು ತಗ್ಗುತ್ತದೆ.

ಎರಡು ಲಕ್ಷಣ ಕಂಡರೆ ಇದೆಲ್ಲವನ್ನೂ ಬಿಟ್ಟುಬಿಡಿ. ಕಾಲೆತ್ತಿದಾಗ ಸೊಂಟದಿಂದ ಪಾದದವರೆಗೆ ಜುಮುಗುಟ್ಟಿದರೆ ಅಥವಾ ಜೋಮು ಹಿಡಿದರೆ ತೊಂದರೆ ನರದ್ದಿರಬಹುದು, ಎಳೆದಷ್ಟೂ ಕೆರಳುತ್ತದೆ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಅದನ್ನು ತಿಕ್ಕಬೇಡಿ, ಅಂದೇ ವೈದ್ಯರಿಗೆ ತೋರಿಸಿ.

ಮಿಕ್ಕವರು ಇವತ್ತು ರಾತ್ರಿ ಮಲಗುವ ಮುನ್ನ ಒಂದು ಹಳೆಯ ಪಂಚೆ ಹುಡುಕಿಟ್ಟುಕೊಳ್ಳಿ. ಪಂಚೆ ದಿನಾಲೂ, ಬಕೆಟ್ಟು ವಾರಕ್ಕೆ ಮೂರು ದಿನ. ಮೂರು ತಿಂಗಳು ಬಿಡದೆ ಮಾಡಿ ನೋಡಿ, ಕಾಲು ಎಲ್ಲಿಯವರೆಗೆ ಬಂತೆಂದು ನನಗೊಂದು ಕಾಗದ ಬರೆಯಿರಿ.