ನೆಗಡಿ ಮಾತ್ರೆಯೂ ನಿಯಂತ್ರಕರ ನಿಧಾನವೂ

ನೆಗಡಿಗೆಂದು ಔಷಧಿ ಅಂಗಡಿಯಲ್ಲಿ ಕೊಳ್ಳುವ ಅನೇಕ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಫಿನೈಲೆಫ್ರಿನ್ ಇರುತ್ತದೆ. ಕಟ್ಟಿದ ಮೂಗನ್ನು ಬಿಡಿಸುವುದು ಇದರ ಕೆಲಸವೆಂಬುದು ತಯಾರಕರ ಹೇಳಿಕೆ. ಆದರೆ ನುಂಗುವ ಫಿನೈಲೆಫ್ರಿನ್, ಶಿಫಾರಸು ಮಾಡಿದ ಪ್ರಮಾಣದಲ್ಲಿ, ಈ ಕೆಲಸ ಮಾಡುತ್ತದೆಂಬುದಕ್ಕೆ ಆಧಾರವಿಲ್ಲವೆಂದು 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹಾ ಸಮಿತಿಯ 16 ಸದಸ್ಯರೂ ಒಮ್ಮತದಿಂದ ಅಭಿಪ್ರಾಯಪಟ್ಟರು.

ಮೂಗಿನ ಒಳಪೊರೆಯ ರಕ್ತನಾಳಗಳು ಹಿಗ್ಗಿದಾಗ ಮೂಗು ಕಟ್ಟುತ್ತದೆ. ಫಿನೈಲೆಫ್ರಿನ್ ಅವನ್ನು ಕುಗ್ಗಿಸಬಲ್ಲದು. ನೇರವಾಗಿ ಮೂಗಿಗೆ ಸಿಂಪಡಿಸಿದರೆ ಪರಿಣಾಮ ಕಾಣುತ್ತದೆ. ನುಂಗಿದಾಗ ಮಾತ್ರ ಕರುಳಿನ ಗೋಡೆಯ ಕಿಣ್ವಗಳು ಅದನ್ನು ಮಾರ್ಪಡಿಸಿಬಿಡುತ್ತವೆ. ಕ್ರಿಯಾಶೀಲ ರೂಪದಲ್ಲಿ ರಕ್ತ ಸೇರುವುದು ಶೇಕಡ 1ಕ್ಕಿಂತ ಕಡಿಮೆ. ಬಹುಕಾಲ ಉಲ್ಲೇಖಿಸಲಾಗುತ್ತಿದ್ದ ಅಂಕಿ ಶೇಕಡ 38! ನಿಷ್ಕ್ರಿಯಗೊಂಡ ಅಂಶವೂ ಆ ಲೆಕ್ಕದಲ್ಲಿ ಸೇರಿತ್ತು.

ಹಾಗಾದರೆ ಮಾನ್ಯತೆ ಸಿಕ್ಕಿದ್ದು ಹೇಗೆ? 1976ರ ತಜ್ಞ ಮಂಡಲಿ ಆಧರಿಸಿದ್ದು ಕೆಲವು ಚಿಕ್ಕ ಅಧ್ಯಯನಗಳನ್ನು. ಅತ್ಯಂತ ಅನುಕೂಲಕರ ಫಲಿತಾಂಶಗಳು ಒಂದೇ ಪ್ರಯೋಗಾಲಯದಿಂದ ಬಂದಿದ್ದವು. ಬೇರೆಡೆ ಅವು ಮರುಕಳಿಸಲಿಲ್ಲ. ಪುನರಾವರ್ತನೆಯಾಗದ ಪ್ರಯೋಗವನ್ನು ನಾವು ಶಾಲೆಯ ಪ್ರಯೋಗಶಾಲೆಯಲ್ಲೂ ಒಪ್ಪುವುದಿಲ್ಲ. 2006ರಲ್ಲಿ ಅಮೆರಿಕವು ಸೂಡೋಎಫೆಡ್ರಿನ್ ಮಾರಾಟವನ್ನು ಬಿಗಿಗೊಳಿಸಿತು, ಅದರಿಂದ ಮಾದಕ ವಸ್ತು ತಯಾರಿಸುತ್ತಿದ್ದರೆಂದು. ತೆರವಾದ ಜಾಗಕ್ಕೆ ಫಿನೈಲೆಫ್ರಿನ್ ಬಂತು.

ಫ್ಲಾರಿಡಾ ವಿಶ್ವವಿದ್ಯಾನಿಲಯದ ರ‍್ಯಾಂಡಿ ಹ್ಯಾಟನ್ ಮತ್ತು ಲೆಸ್ಲಿ ಹೆಂಡೆಲೆಸ್ 2007ರಲ್ಲೇ ಮನವಿ ಸಲ್ಲಿಸಿ ಇದನ್ನು ಪ್ರಶ್ನಿಸಿದ್ದರು. ಹೆಚ್ಚಿನ ಅಧ್ಯಯನ ಬೇಕೆಂಬ ಉತ್ತರ ಬಂತು, ಅದು ನ್ಯಾಯವೇ. 2015ರಲ್ಲಿ ಅಂಥ ಅಧ್ಯಯನವೂ ಪ್ರಕಟವಾಯಿತು. ಅಲರ್ಜಿಯಿಂದ ಮೂಗು ಕಟ್ಟಿದ್ದ 539 ವಯಸ್ಕರಲ್ಲಿ, 10ರಿಂದ 40 ಮಿಲಿಗ್ರಾಂವರೆಗಿನ ಯಾವ ಪ್ರಮಾಣವೂ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಆ ಬಳಿಕ ಕಳೆದ 8 ವರ್ಷಗಳಿಗೆ ಯಾವ ವೈಜ್ಞಾನಿಕ ಸಮರ್ಥನೆಯೂ ಇಲ್ಲ. ಔಷಧ ಅಪಾಯಕಾರಿಯಲ್ಲ, ಅವಸರವೇನು ಎಂಬ ಧೋರಣೆಯೇ ಇಲ್ಲಿ ಕಾಣುವುದು. ಹಣ ಕೊಟ್ಟು ಮಾತ್ರೆ ನುಂಗಿ ಮೂಗು ಕಟ್ಟಿಕೊಂಡೇ ಮಲಗಿದವರು ಆ ಲೆಕ್ಕಕ್ಕೆ ಬರುವುದಿಲ್ಲ. ನುಂಗುವ ರೂಪವನ್ನು ಮಾನ್ಯತೆಯ ಪಟ್ಟಿಯಿಂದ ಕೈಬಿಡುವ ಪ್ರಸ್ತಾವ ಹೊರಬಿದ್ದದ್ದು 2024ರ ನವೆಂಬರಿನಲ್ಲಿ.

ನಮ್ಮಲ್ಲಿ, ಹೇಳಿಕೊಂಡಷ್ಟು ಚಿಕಿತ್ಸಕ ಮೌಲ್ಯವಿಲ್ಲದ ಔಷಧವನ್ನು ನಿಷೇಧಿಸುವ ಅಧಿಕಾರವನ್ನು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯ 26ಎ ಕಲಮು ಕೇಂದ್ರ ಸರ್ಕಾರಕ್ಕೆ ನೀಡಿದೆ. 2016ರಲ್ಲಿ 344 ಸಂಯೋಜಿತ ಔಷಧಗಳ ಮೇಲೆ ಅದನ್ನು ಪ್ರಯೋಗಿಸಲಾಗಿತ್ತು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸಂಯೋಜನೆಯ ಬಗ್ಗೆ 2023ರ ಡಿಸೆಂಬರಿನಲ್ಲಿ ಹೊರಟ ಸೂಚನೆ ಕೇಳಿದ್ದಾದರೂ ಇಷ್ಟೇ: 4 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬಳಸಬಾರದೆಂದು ಚೀಟಿಯ ಮೇಲೆ ಮುದ್ರಿಸಿ. ಐದು ವರ್ಷದ ಮಗುವಿನ ಮೂಗನ್ನು ಅದು ಬಿಡಿಸುತ್ತದೆಯೇ ಎಂದು ಕೇಳಲಿಲ್ಲ.