ಹಾಂಗ್‌ಕಾಂಗಿನ ಎರಡು ವರದಿಗಳು: ಪ್ಲೇಗು ರೋಗಾಣುವಿನ ಗುರುತನ್ನು ಕುರಿತು ಒಂದು ವಿಮರ್ಶೆ

ಪ್ಲೇಗಿನ ರೋಗಾಣುವನ್ನು ಕಂಡುಹಿಡಿದವರು ಯಾರೆಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಒಂದೇ ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸುವುದು ವಾಡಿಕೆ. ಕೆಲವು ಪುಸ್ತಕಗಳು ಅಲೆಕ್ಸಾಂದರ್ ಯೆರ್ಸಿನನನ್ನು ಮಾತ್ರ ಹೆಸರಿಸುತ್ತವೆ. ಕೆಲವು ಅವನೊಡನೆ ಷಿಬಸಬುರೊ ಕಿಟಸಾಟೊವನ್ನೂ ಸೇರಿಸಿ ಮುಂದಕ್ಕೆ ಸಾಗುತ್ತವೆ. ಈ ಎರಡು ಬಗೆಯ ಉತ್ತರವೂ ನಮಗೆ ಸಮರ್ಪಕವಾಗಿ ತೋರುವುದಿಲ್ಲ. ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆದರೆ ಪ್ರಯೋಗಶಾಲೆಯ ವರದಿಯೂ ಒಂದು ದಾಖಲೆಯೇ. ಶಾಸನವನ್ನೂ ಕಡತವನ್ನೂ ಪರೀಕ್ಷಿಸುವ ಕ್ರಮದಿಂದಲೇ ಅದನ್ನೂ ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸಿದಾಗ, ಮೊದಲು ಕಂಡವರು ಯಾರೆಂಬುದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಏಳುತ್ತದೆ: ಒಂದು ಅಣುಜೀವಿಯನ್ನು ‘ಇದೇ ಅದು’ ಎಂದು ಹೇಳಲು ಎಷ್ಟು ಸಾಕ್ಷ್ಯ ಬೇಕು?

ಮೊದಲು ಸಂದರ್ಭವನ್ನು ನೆನೆಯೋಣ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿದಾಗ ಇಬ್ಬರು ತಜ್ಞರು ಮೂರು ದಿನಗಳ ಅಂತರದಲ್ಲಿ ಅಲ್ಲಿಗೆ ಬಂದರು. ಜೂನ್ 12ರಂದು ಬಂದ ಕಿಟಸಾಟೊ ರಾಬರ್ಟ್ ಕಾಕನ ಶಿಷ್ಯ. 1889ರಲ್ಲಿ ಧನುರ್ವಾಯುವಿನ ರೋಗಾಣುವನ್ನು ಶುದ್ಧರೂಪದಲ್ಲಿ ಬೆಳೆಸಿ ಕೀರ್ತಿ ಪಡೆದಿದ್ದವನು. ಅವನಿಗೆ ಸಹಾಯಕರೂ, ಸಲಕರಣೆಗಳೂ, ಅಲ್ಲಿನ ಬ್ರಿಟಿಷ್ ವೈದ್ಯನಾದ ಜೇಮ್ಸ್ ಲೌಸನನ ಬೆಂಬಲವೂ ಇದ್ದುವು. ಜೂನ್ 15ರಂದು ಬಂದ ಯೆರ್ಸಿನ್ ಪಾಸ್ತರ್ ಸಂಸ್ಥೆಯಲ್ಲಿ ಪಳಗಿದವನು; ಎಮಿಲ್ ರೂನೊಡನೆ ಗಂಟಲಮಾರಿಯ ವಿಷವನ್ನು ಕುರಿತು ಕೆಲಸಮಾಡಿದ್ದವನು. ಇಂಡೊಚೈನಾದಿಂದ ಬಂದ ಅವನಲ್ಲಿದ್ದುದು ಒಂದು ಸೂಕ್ಷ್ಮದರ್ಶಕ ಮತ್ತು ಅಲ್ಪಸ್ವಲ್ಪ ಉಪಕರಣಗಳು ಮಾತ್ರ. ಶವಗಳು ಅವನಿಗೆ ದೊರೆಯಲಿಲ್ಲ. ಶವಾಗಾರದ ಹೊಣೆಹೊತ್ತಿದ್ದ ನಾವಿಕರಿಗೆ ಹಣ ಕೊಟ್ಟು ಪರೀಕ್ಷೆಗೆ ಅವಕಾಶ ಮಾಡಿಕೊಳ್ಳಬೇಕಾಯಿತು. ಅವನ ಪ್ರಯೋಗಶಾಲೆಯೋ ಒಂದು ಹುಲ್ಲಿನ ಗುಡಿಸಲು.

ಕಿಟಸಾಟೊ ಜೂನ್ 14ರಂದೇ ಒಂದು ಅಣುವನ್ನು ಕಂಡನು. ಅವನ ಪೂರ್ವಭಾವಿ ವರದಿ ಆಗಸ್ಟ್ 25ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದುಂಡುತುದಿಯ ಸಣ್ಣ ದಂಡಾಣುಗಳು, ಬಣ್ಣ ಹಾಕಿದಾಗ ನಡುವಿಗಿಂತ ತುದಿಗಳಲ್ಲಿ ಗಾಢವಾಗಿ ಕಾಣುವಂಥವು, ಎಂದು ಅವನು ವರ್ಣಿಸಿದನು. ಇದು ಪ್ಲೇಗಿನ ಅಣುವಿಗೆ ಸರಿಹೊಂದುತ್ತದೆ. ಆದರೆ ಅವನು ರೋಗಿಗಳ ರಕ್ತಕ್ಕೆ ಹೆಚ್ಚಿನ ಮಹತ್ತ್ವ ಕೊಟ್ಟನು. ಆ ಅಣುವಿಗೆ ಸ್ವಲ್ಪ ಚಲನೆಯುಂಟೆಂದನು. ಗ್ರಾಮ್ ಕ್ರಮದ ವರ್ಣಪರೀಕ್ಷೆಯ ಫಲವನ್ನು ಸದ್ಯಕ್ಕೆ ಹೇಳಲಾರೆನೆಂದು ಬರೆದನು. ಮುಂದೆ ಅವನು ವಿವರಿಸಿದ ಅಣು ಗ್ರಾಮ್ ಬಣ್ಣವನ್ನು ಹಿಡಿದುಕೊಳ್ಳುವಂಥದಾಗಿದ್ದಿತು. ಪ್ಲೇಗಿನ ಅಣುವಾದರೋ ಚಲಿಸುವುದಿಲ್ಲ, ಗ್ರಾಮ್ ಬಣ್ಣವನ್ನು ಹಿಡಿದುಕೊಳ್ಳುವುದೂ ಇಲ್ಲ.

ಯೆರ್ಸಿನನು ಜೂನ್ 20ರಂದು ಪರೀಕ್ಷೆಗೆ ಎತ್ತಿಕೊಂಡುದು ರಕ್ತವನ್ನಲ್ಲ, ಪ್ಲೇಗಿನ ಗಡ್ಡೆಯನ್ನು. ರೋಗದ ಮುಖ್ಯ ಲಕ್ಷಣ ಎಲ್ಲಿದೆಯೋ ಅದರ ಕಾರಣವನ್ನು ಅಲ್ಲಿಯೇ ಹುಡುಕಬೇಕೆಂಬುದು ಅವನ ತರ್ಕ. ಗಡ್ಡೆಯಲ್ಲಿ ದಂಡಾಣುಗಳು ಕಿಕ್ಕಿರಿದಿದ್ದುವು. ಅವು ಗಿಡ್ಡವಾದುವು, ದುಂಡುತುದಿಯವು, ಗ್ರಾಮ್ ಬಣ್ಣವನ್ನು ಹಿಡಿಯದಂಥವು, ಎಂದು ಅವನು ಸ್ಪಷ್ಟವಾಗಿ ಬರೆದನು. ಅವನ್ನು ಅಗರ್ ಮೇಲೆ ಬೆಳೆಸಿ ಪ್ರಾಣಿಗಳಿಗೆ ಚುಚ್ಚಿದನು. ಅವು ಸತ್ತುವು, ಅವುಗಳ ದೇಹದಲ್ಲಿ ಅದೇ ಅಣು ಮತ್ತೆ ಕಾಣಿಸಿತು. ಊರಿನಲ್ಲಿ ಸತ್ತುಬಿದ್ದ ಇಲಿಗಳಲ್ಲಿಯೂ ಅದನ್ನು ಕಂಡನು. ಪಾಸ್ತರ್ ಸಂಸ್ಥೆಯ ವಾರ್ಷಿಕಗಳಲ್ಲಿ ಅದೇ ವರ್ಷ ಪ್ರಕಟವಾದ ಈ ವರದಿಯನ್ನು ಓದಿದ ಅಪರಿಚಿತನೊಬ್ಬನು ಬೇರೊಂದು ಊರಿನಲ್ಲಿ ಅದೇ ಅಣುವನ್ನು ಗುರುತಿಸಬಲ್ಲನು.

ಎರಡು ವರದಿಗಳ ಅಂತರಕ್ಕೆ ಕಾರಣವೇನು? ಇಲ್ಲಿ ಗ್ರಾಮ್ ಪರೀಕ್ಷೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. 1884ರಲ್ಲಿ ಹಾನ್ಸ್ ಕ್ರಿಸ್ಟಿಯನ್ ಗ್ರಾಮ್ ಪ್ರಕಟಿಸಿದ ಈ ಕ್ರಮದಲ್ಲಿ ಅಣುಗಳಿಗೆ ನೇರಿಳೆ ಬಣ್ಣ ಹಾಕಿ, ಅಯೊಡೀನ್ ದ್ರವದಿಂದ ಅದನ್ನು ನೆಲೆಗೊಳಿಸಿ, ಆಮೇಲೆ ಮದ್ಯಸಾರದಿಂದ ತೊಳೆಯುತ್ತಾರೆ. ಕೆಲವು ಅಣುಗಳು ಬಣ್ಣವನ್ನು ಉಳಿಸಿಕೊಳ್ಳುತ್ತವೆ, ಕೆಲವು ಬಿಟ್ಟುಬಿಡುತ್ತವೆ. ನ್ಯುಮೋನಿಯ ಉಂಟುಮಾಡುವ ನ್ಯುಮೊಕಾಕಸ್ ಬಣ್ಣವನ್ನು ಉಳಿಸಿಕೊಳ್ಳುವ ವರ್ಗದ್ದು. ಕಿಟಸಾಟೊವಿನ ಕೃಷಿಯಲ್ಲಿ, ಎಂದರೆ ಅವನು ಬೆಳೆಸಿದ ಅಣುಸಮೂಹದಲ್ಲಿ, ಈ ನ್ಯುಮೊಕಾಕಸ್ ಬೆರೆತಿದ್ದಿರಬೇಕೆಂಬುದು ವಿದ್ವಾಂಸರ ಊಹೆ. ಅವನು ಬಳಸಿದುದು ದೇಹದ ಉಷ್ಣತೆಯಲ್ಲಿಡುವ ಕಾವುಪೆಟ್ಟಿಗೆ. ಪ್ಲೇಗಿನ ಅಣು ಚೆನ್ನಾಗಿ ಬೆಳೆಯುವುದು ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ. 37 ಡಿಗ್ರಿ ಬೆರಕೆಯ ಅಣುವಿಗೇ ಹೆಚ್ಚು ಅನುಕೂಲ. ಕಾವುಪೆಟ್ಟಿಗೆಯಿಲ್ಲದ ಯೆರ್ಸಿನನು ಕೃಷಿಯನ್ನು ಗುಡಿಸಲಿನ ಸಹಜ ಶಾಖದಲ್ಲಿ ಇಟ್ಟನು. ಬಡತನವೇ ಅವನಿಗೆ ಸಹಾಯವಾಯಿತು.

ಗ್ರಂಥಸಂಪಾದನೆ ಬಲ್ಲವರಿಗೆ ಇದು ಹೊಸ ಮಾತಲ್ಲ. ಎರಡು ಓಲೆಪ್ರತಿಗಳ ಪಾಠಗಳು ಬೆರೆತಿರುವ ಪ್ರತಿಯನ್ನು ಒಬ್ಬನೇ ಕವಿಯ ವಾಣಿಯೆಂದು ಓದಿದರೆ, ಓದುಗನ ವಿದ್ವತ್ತು ಎಷ್ಟೇ ದೊಡ್ಡದಾಗಿರಲಿ, ತೀರ್ಮಾನ ತಪ್ಪುತ್ತದೆ. ಅಲ್ಲಿ ದೋಷ ಕಣ್ಣಿನದಲ್ಲ, ಪ್ರತಿಯದು.

1976ರಲ್ಲಿ ಬೈಬೆಲ್ ಮತ್ತು ಚೆನ್ ಎಂಬ ವಿದ್ವಾಂಸರು ಮೂಲ ವರ್ಣನೆಗಳನ್ನು ಮತ್ತೆ ಪರಿಶೀಲಿಸಿ, ಕಿಟಸಾಟೊ ಪ್ಲೇಗಿನ ಅಣುವನ್ನು ನಿಜವಾಗಿಯೂ ಕಂಡಿದ್ದನು, ಆ ಮನ್ನಣೆಯನ್ನು ಅವನಿಗೆ ನಿರಾಕರಿಸಲಾಗದು, ಎಂದು ನಿರ್ಣಯಿಸಿದರು. ಕಾಣುವ ಮಟ್ಟಿಗೆ ಈ ನಿರ್ಣಯವನ್ನು ನಾವು ಒಪ್ಪುತ್ತೇವೆ. ಗ್ರಾಮ್ ಪರೀಕ್ಷೆಯ ವಿಷಯದಲ್ಲಿ ‘ಹೇಳಲಾರೆ’ ಎಂದ ಅವನ ಪ್ರಾಮಾಣಿಕತೆಯೂ ಸ್ತುತ್ಯವೇ. ಆದರೆ ಕಾಣುವುದು ಬೇರೆ, ಗುರುತಿಸುವುದು ಬೇರೆ. ತಾನು ಕಂಡದ್ದನ್ನು ಬೇರೆಯವರು ಮತ್ತೊಂದರಿಂದ ಬೇರ್ಪಡಿಸಿ ತಿಳಿಯುವಂತೆ ಹೇಳಿದಾಗಲೇ ಗುರುತು ಪೂರ್ಣವಾಗುವುದು. ಈ ದೃಷ್ಟಿಯಿಂದ ಯೆರ್ಸಿನನ ವರದಿಯೇ ಮೇಲು. ಹಾಗೆಂದು ಅವನ ಗೆಲುವೆಲ್ಲವನ್ನೂ ಪ್ರತಿಭೆಯ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ: ಗಡ್ಡೆಯನ್ನು ಆರಿಸಿದುದು ವಿವೇಕ, ಗುಡಿಸಲಿನ ಶಾಖ ಅದೃಷ್ಟ. 1944ರಲ್ಲಿ ಈ ಅಣುವಿನ ಕುಲಕ್ಕೆ ‘ಯೆರ್ಸಿನಿಯ’ ಎಂದು ಹೆಸರಿಟ್ಟುದರಿಂದ ಈ ಭೇದ ಮರೆಯಾಗಬಾರದು.

ಇದು ಬರಿಯ ಕೀರ್ತಿಯ ಜಗಳವೆಂದು ಯಾರೂ ಭಾವಿಸದಿರಲಿ. ಪ್ಲೇಗು 1896ರಲ್ಲಿ ಮುಂಬಯಿಗೂ 1898ರಲ್ಲಿ ಬೆಂಗಳೂರಿಗೂ ಬಂದಿತು. 1897ರಲ್ಲಿ ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆ, ಬೆಳೆಸಿ ಕಾಯಿಸಿ ಕೊಂದ ಪ್ಲೇಗಿನ ಅಣುವಿನದೇ. ಬೆಳೆಸಿದ ಅಣು ಬೇರೊಂದಾಗಿದ್ದರೆ, ತೋಳು ನೀಡಿದ ಜನರಿಗೆ ನೋವಲ್ಲದೆ ರಕ್ಷಣೆ ದೊರೆಯುತ್ತಿರಲಿಲ್ಲ.

ನೂರು ವರ್ಷಗಳ ಮೇಲೆ, 1994ರಲ್ಲಿ, ಸೂರತ್ತಿನಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಿತು. ಜನ ಲಕ್ಷಗಟ್ಟಲೆಯಲ್ಲಿ ಊರು ಬಿಟ್ಟರು. ಇದು ಪ್ಲೇಗು ಹೌದೋ ಅಲ್ಲವೋ ಎಂಬ ಚರ್ಚೆ ಮಾತ್ರ ಬಹುಕಾಲ ನಡೆಯಿತು. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಶಿವಾಜಿ ಮೊದಲಾದವರು ಅಣುವಿನ ಡಿ. ಎನ್. ಎ. ಪರಿಶೀಲಿಸಿ, ಅದು ಪ್ಲೇಗಿನದೇ ಎಂಬುದಕ್ಕೆ ಪ್ರಮಾಣವನ್ನು ಪ್ರಕಟಿಸಿದುದು 2000ರಲ್ಲಿ.

ಇಂದು ಗುರುತಿನ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳು ಮಾಡುತ್ತವೆ. ಆದರೆ ಯಂತ್ರವೂ ತನ್ನ ಪಟ್ಟಿಯಲ್ಲಿರುವ ಹೆಸರುಗಳ ಪೈಕಿ ಹತ್ತಿರದ್ದನ್ನೇ ಹೇಳಬಲ್ಲುದು. 2014ರಲ್ಲಿ ಅಮೆರಿಕೆಯ ಕೊಲರಾಡೊದಲ್ಲಿ ರೋಗಿಯೊಬ್ಬನ ರಕ್ತದಲ್ಲಿದ್ದ ಪ್ಲೇಗಿನ ಅಣುವನ್ನು ಯಂತ್ರ ಮೊದಲು ‘ಸ್ಯೂಡೊಮೊನಾಸ್ ಲ್ಯುಟಿಯೋಲ’ ಎಂದು ಹೆಸರಿಸಿತು. ಯೀಸ್ಟ್‌ಗಳಲ್ಲಿಯೂ ಹೀಗೆಯೇ. ಜಪಾನಿನ ರೋಗಿಯೊಬ್ಬಳ ಕಿವಿಯಿಂದ ದೊರೆತು 2009ರಲ್ಲಿ ವರ್ಣಿತವಾದ ‘ಕ್ಯಾಂಡಿಡ ಆರಿಸ್’ ಎಂಬ ಯೀಸ್ಟನ್ನು ಹಲವು ಯಂತ್ರಗಳು ಅದರ ಸಮೀಪಬಂಧುವಾದ ‘ಕ್ಯಾಂಡಿಡ ಹೆಮ್ಯುಲೋನಿಯೈ’ ಎಂದೇ ತಿಳಿದುವು. ಸಾಮಾನ್ಯ ಔಷಧಿಗಳಿಗೆ ಬಗ್ಗದೆ ಆಸ್ಪತ್ರೆಯೊಳಗೆ ಒಬ್ಬರಿಂದ ಒಬ್ಬರಿಗೆ ಹರಡುವ ಯೀಸ್ಟಿಗೆ ಬೇರೊಂದರ ಹೆಸರು ಬಿದ್ದರೆ, ಕಷ್ಟ ರೋಗಿಗೆ. ಅಜ್ಞಾತ ಅರಸನ ಶಾಸನವನ್ನು ವಂಶಾವಳಿಯಲ್ಲಿ ಸಿಕ್ಕ ಅದೇ ಹೆಸರಿನ ಅರಸನಿಗೆ ಕಟ್ಟುವ ದೋಷ ನಮ್ಮಲ್ಲಿಯೂ ಇಲ್ಲದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ವಿಜ್ಞಾನದ ಚರಿತ್ರೆಯನ್ನು ಬೋಧಿಸುವವರು ‘ಯಾರು ಕಂಡರು’ ಎಂಬ ಪ್ರಶ್ನೆಯೊಡನೆ ‘ಯಾವುದರಲ್ಲಿ ಹುಡುಕಿದರು, ಯಾವ ಶಾಖದಲ್ಲಿ ಬೆಳೆಸಿದರು, ಯಾವುದರಿಂದ ಬೇರ್ಪಡಿಸಿದರು’ ಎಂಬುವನ್ನೂ ವಿದ್ಯಾರ್ಥಿಗಳ ಮುಂದಿಡಬೇಕು. ಹಾಂಗ್‌ಕಾಂಗಿನ ಎರಡು ವರದಿಗಳನ್ನು ಒಂದೇ ತರಗತಿಯಲ್ಲಿ ಅಕ್ಕಪಕ್ಕ ಇಟ್ಟು ಓದಿಸಿದರೆ, ಆಕರಗಳ ಶುದ್ಧಾಶುದ್ಧವನ್ನು ವಿವೇಚಿಸುವ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ದೊರೆಯಲಾರದು.