ನೆಟ್ಟಗಾದ ಕತ್ತು, ಕಾಣದ ಬದು

ಕುತ್ತಿಗೆಯ ಡೊಂಕು ತಿದ್ದುವ ಶಸ್ತ್ರಚಿಕಿತ್ಸೆಯ ಕೀರ್ತಿ ನಿಂತಿರುವುದು ಎರಡು ಫೋಟೊಗಳ ಮೇಲೆ. ಒಂದರಲ್ಲಿ ಗದ್ದ ಎದೆಗಂಟಿದ ಮನುಷ್ಯ. ಇನ್ನೊಂದರಲ್ಲಿ ಅವನೇ ಕ್ಯಾಮೆರಾವನ್ನು ನೇರ ನೋಡುತ್ತಿದ್ದಾನೆ. ಊರಿಗೆ ಮರಳಿದ ಮೇಲೆ ಅವನು ತನ್ನ ಪಾದ ನೋಡಿಕೊಳ್ಳುವುದು ಹೇಗೆ? ಫೋಟೊದಲ್ಲಿ ಅದು ಬರುವುದಿಲ್ಲ.

ಆ ಊರು ಬಳ್ಳಾರಿ ಸೀಮೆಯ ಸಿರುಗುಪ್ಪವೆಂದುಕೊಳ್ಳಿ. ತುಂಗಭದ್ರೆಯ ಕಾಲುವೆ ನೀರು ನಿಂತ ಭತ್ತದ ಗದ್ದೆ, ನಡುವೆ ಜಾರುವ ಬದು. ಕುರುಗೋಡಾದರೆ ಮೊಣಕಾಲೆತ್ತರದ ಮೆಣಸಿನ ಗಿಡ. ಬಳ್ಳಾರಿಯ ಜೀನ್ಸ್ ಘಟಕವಾದರೆ ಕಣ್ಣಿನ ಕೆಳಗೇ ಓಡುವ ಸೂಜಿ. ಎಲ್ಲಕ್ಕೂ ಕೆಳಗೆ ನೋಡಲೇಬೇಕು.

ಗದ್ದವನ್ನು ಹೀಗೆ ಎದೆಗಂಟಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ರೋಗದಲ್ಲಿ ಬೆನ್ನೆಲುಬು ಬೆಸೆದು ಒಂದೇ ಕೋಲಾಗುತ್ತದೆ. ಆ ಕೋಲನ್ನು ಮುರಿದು ಹಿಂದಕ್ಕೆ ಬಾಗಿಸುವ ಕೆಲಸವನ್ನು 1958ರಲ್ಲಿ ಯೂರಿಸ್ಟ್ ಎಂಬ ವೈದ್ಯರು ವರದಿ ಮಾಡಿದರು, 1972ರಲ್ಲಿ ಕೆನಡಾದ ಸಿಮನ್ಸ್ ಅದನ್ನೊಂದು ಪದ್ಧತಿಯಾಗಿಸಿದರು. ಆ ಪದ್ಧತಿಯಲ್ಲಿ ರೋಗಿ ಕುಳಿತೇ ಇರುತ್ತಾನೆ, ಎಚ್ಚರವಾಗಿಯೇ ಇರುತ್ತಾನೆ. ಮರಗಟ್ಟುವುದು ಕತ್ತಿನ ಹಿಂಭಾಗ ಮಾತ್ರ. ಹಿಂದಿನ ಮೂಳೆ ತೆಗೆದ ವೈದ್ಯರು ತಲೆಗೆ ಬಿಗಿದ ಬಳೆ ಹಿಡಿದು ಕೈಯಾರೆ ಕತ್ತೆತ್ತುತ್ತಾರೆ. ಕೈ ಆಡಿಸು, ಕಾಲು ಆಡಿಸು ಎನ್ನುತ್ತಾರೆ. ರೋಗಿಯೇ ಮಾಪಕ.

ಕೊಯ್ಯುವ ಜಾಗವೂ ಸುಮ್ಮನೆ ಆರಿಸಿದ್ದಲ್ಲ. ಕತ್ತಿನ ಏಳನೆಯ ಮೂಳೆಯ ಬಳಿ ಬೆನ್ನುಹುರಿಯ ನಾಳ ಅಗಲ; ಮಿದುಳಿಗೆ ರಕ್ತ ಒಯ್ಯುವ ಕಶೇರು ಧಮನಿ ಸಾಮಾನ್ಯವಾಗಿ ಆರನೆಯ ಮೂಳೆಯಲ್ಲಿ ಒಳಹೊಗುವುದರಿಂದ ಇಲ್ಲಿ ಅದರ ಭಯ ಕಡಿಮೆ. ಆದರೆ ಬಾಗುವ ಮೂಳೆಗಳ ನಡುವೆ ಕತ್ತಿನ ಎಂಟನೆಯ ನರ ಸಿಕ್ಕಿಕೊಂಡರೆ ಬೆರಳ ಹಿಡಿತ ಹೋಗುತ್ತದೆ. ಕತ್ತರಿ ಹಿಡಿಯುವ ದರ್ಜಿಗೆ ಈ ತೊಡಕು ಸಣ್ಣದಲ್ಲ.

ಸಿಮನ್ಸ್ ವಿಧಾನವನ್ನು ವಸ್ತುಸಂಗ್ರಹಾಲಯಕ್ಕೆ ಕಳಿಸಿದ ಇಂದಿನ ಸ್ಕ್ರೂ-ಸಲಾಕೆ ಪಂಥದವರ ವಾದದಲ್ಲಿ ಹುರುಳಿದೆ: ಪೂರ್ತಿ ಅರಿವಳಿಕೆ, ನರಸಂಕೇತಗಳ ನಿಗಾ, ಗಟ್ಟಿ ಜೋಡಣೆ, ಎಲ್ಲವೂ ಒಳ್ಳೆಯದೇ. ಕತ್ತಿಗೆ ಕತ್ತಿ ತಾಗಿಸಲೇಬೇಡಿ, ಎಣ್ಣೆ ಹಚ್ಚಿ ನೀವಿ ಎನ್ನುವವರ ಜೊತೆ ವಾದವೇ ಬೇಡ. ಬೆಸೆದ ಮೂಳೆ ನೀವಿದರೆ ಬಿಡಿಸಿಕೊಳ್ಳುವುದಿಲ್ಲ, ಜೋರಾಗಿ ತಿರುವಿದರೆ ಮುರಿಯುತ್ತದೆ. ತಕರಾರಿರುವುದು ಮೊದಲ ಪಂಥದ ಲೆಕ್ಕಾಚಾರದ ಮೇಲೆ. ಹುಬ್ಬಿನಿಂದ ಗದ್ದಕ್ಕೆಳೆದ ಗೆರೆ ಲಂಬಗೆರೆಯಿಂದ ಎಷ್ಟು ವಾಲಿದೆ ಎಂಬ ಕೋನ ಸೊನ್ನೆಗೆ ಬಂದಷ್ಟೂ ಗೆಲುವೆಂದು ಬೀಗುವವರು, ಕೊರಿಯಾದ ಸುಕ್ ಮತ್ತು ಸಂಗಡಿಗರು ಅತಿಯಾಗಿ ತಿದ್ದುವುದರ ಬಗ್ಗೆ 2003ರಲ್ಲೇ ಎಚ್ಚರಿಸಿದ್ದನ್ನು ಓದಿದಂತಿಲ್ಲ. ಬೆನ್ನೆಲ್ಲ ಬೆಸೆದವನು ನೆಲ ನೋಡಲು ಮತ್ತೆ ಕತ್ತು ಬಗ್ಗಿಸಲಾರ. ಅವನಿಗೆ ಹತ್ತಿಪ್ಪತ್ತು ಡಿಗ್ರಿಯ ಬಾಗು ಉಳಿಸುವುದು ಸೋಲಲ್ಲ, ಅಳತೆ ಗೊತ್ತಿದ್ದವರ ಕೆಲಸ.

ಈ ಕೋನ ಅಳೆಯುವುದು ಸಾಮಾನ್ಯವಾಗಿ ರೋಗಿಯನ್ನು ನೆಟ್ಟಗೆ ನಿಲ್ಲಿಸಿ. ಬಳ್ಳಾರಿಯ ದರ್ಜಿ ದಿನವಿಡೀ ಇರುವುದು ಸ್ಟೂಲಿನ ಮೇಲೆ.